ಬೀಗ ಹಾಕಿದ ಮನೆಗೆ ಮಳೆಗಾಲ

ನಮ್ಮೂರು ಹೆಗ್ಗರಣೆ, ಸಿದ್ದಾಪುರ ತಾಲೂಕು. ಉಂಚಳ್ಳಿ ಜಲಪಾತ ನೋಡೋಕೆ ಹೋದವರಾದ್ರೆ ನಮ್ಮೂರು ದಾಟಿ ಹೋಗಿರ್ತೀರಿ, ಹೆಸರು ಗಮನಿಸಿರಲ್ಲ ಅಷ್ಟೆ. ಪುಸ್ತಕದಲ್ಲಿ ಆ ಜಲಪಾತಕ್ಕೆ ಲುಷಿಂಗ್ಟನ್ ಅನ್ನೋ ಬ್ರಿಟಿಷ್ ಕಲೆಕ್ಟರನ ಹೆಸರಿದೆ. ಊರವರು ಕರೆಯೋದು ಕೆಪ್ಪಜೋಗ ಅಂತ. ಜುಲೈನಲ್ಲಿ ಅದರ ಎದುರು ನಿಂತವನಿಗೆ ಪಕ್ಕದವನು ಕೂಗಿದ್ದೂ ಕೇಳಲ್ಲ. ವರ್ಷಕ್ಕೆ ಎರಡೂವರೆ ಸಾವಿರದಿಂದ ಮೂರು ಸಾವಿರ ಮಿಲಿಮೀಟರ್ ಮಳೆ ಬೀಳೋ ಸೀಮೆ ಇದು. ಬೆಂಗಳೂರಿಗೆ ಹತ್ತಿರ ಹತ್ತಿರ ಮೂರು ವರ್ಷಕ್ಕೆ ಬರೋ ನೀರು ನಮಗೆ ಒಂದೇ ವರ್ಷಕ್ಕೆ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ.

ಈಗ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಹೊಸ ರೂಢಿ ಶುರುವಾಗಿದೆ. ಮಕ್ಕಳೆಲ್ಲ ಬೆಂಗಳೂರಲ್ಲಿ, ಪುಣೆಯಲ್ಲಿ. ಊರಲ್ಲಿ ಎಪ್ಪತ್ತು ದಾಟಿದ ಇಬ್ಬರೇ. ಮಳೆಗಾಲದಲ್ಲಿ ಕರೆಂಟಿಲ್ಲ, ಫೋನಿಲ್ಲ, ರಾತ್ರಿ ಹುಷಾರು ತಪ್ಪಿದರೆ ಆಸ್ಪತ್ರೆ ದೂರ. ಹಾಗಾಗಿ ಜೂನ್ ಬರುತ್ತಿದ್ದಂತೆ ಅಪ್ಪ ಅಮ್ಮನನ್ನು ಕರ್ಕೊಂಡು ಬರೋದು, ಮನೆಗೆ ಬೀಗ ಹಾಕೋದು, ಚೌತಿಗೋ ದಸರೆಗೋ ಹೋಗಿ ಬೀಗ ತೆಗೆಯೋದು. ಒಳ್ಳೇ ವ್ಯವಸ್ಥೆನೇ. ಆದರೆ ಬೀಗ ತೆಗೆದ ದಿನ ಏನು ಕಾಣುತ್ತೆ ಅನ್ನೋದನ್ನ ಯಾರೂ ವಾಟ್ಸಾಪ್ ಗ್ರೂಪಿನಲ್ಲಿ ಹಾಕಲ್ಲ.

ನಮ್ಮ ಹತ್ತಿರದ ನೆಂಟರೊಬ್ಬರ ಮನೆಯ ಬೀಗ ತೆಗೆಯೋವಾಗ ನಾನೂ ಇದ್ದೆ. ಬಾಗಿಲು ಉಬ್ಬಿ ಕೂತಿತ್ತು, ಭುಜ ಕೊಟ್ಟು ತಳ್ಳಬೇಕಾಯ್ತು. ಮೊದಲು ಮೂಗಿಗೆ ಬಂದಿದ್ದು ವಾಸನೆ. ಆಮೇಲೆ ಕಂಡಿದ್ದು ದೇವರ ಪಟಗಳ ಗಾಜಿನ ಒಳಗೆ ಬೆಳೆದ ಬಿಳಿ ಬೂಷ್ಟು. ಬೀರುವಿನಲ್ಲಿದ್ದ ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಹಸಿರು ಚುಕ್ಕೆ. ಚಪ್ಪಲಿ, ಬೆಲ್ಟು, ಸೂಟ್‌ಕೇಸು ಎಲ್ಲಕ್ಕೂ ಹಿಟ್ಟು ಬಳಿದ ಹಾಗೆ. ನಾಗಂದಿಗೆಯ ಮೇಲಿನ ಹಳೇ ಪಂಚಾಂಗಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು. ಮೆತ್ತಿನ ಮೇಲೆ ಹೋದರೆ ತೊಲೆಯ ಉದ್ದಕ್ಕೂ ಒರಲೆಯ ಮಣ್ಣಿನ ಗೆರೆ. ಮೂರೇ ಮಳೆಗಾಲ ಬೀಗ ಹಾಕಿದ ಮನೆ ಅದು. ಅದಕ್ಕೆ ಮೊದಲು ಅದೇ ಜಾಗದಲ್ಲಿ, ಇದೇ ಮಳೆಯಲ್ಲಿ, ಎಂಬತ್ತು ತೊಂಬತ್ತು ವರ್ಷ ಗಟ್ಟಿಯಾಗಿ ನಿಂತಿತ್ತು.

ಮಳೆ ಅಷ್ಟೇ, ಗೋಡೆ ಅದೇ. ಹಾಗಾದರೆ ಬದಲಾಗಿದ್ದು ಏನು?

ಈ ಪ್ರಶ್ನೆ ಇಟ್ಕೊಂಡು ಯೋಚನೆ ಮಾಡೋಕೆ ಶುರು ಮಾಡಿದ್ದು ಇಂಗ್ಲೆಂಡಿನ ಒಬ್ಬ ಸಹೋದ್ಯೋಗಿಯಿಂದ. ಅವನ ಹತ್ತಿರ ಒಂದು ಕ್ಯಾರವಾನ್ ಇದೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗೋ ಪುಟ್ಟ ಮನೆ. ಒಳಗೆ ಮಂಚ, ಒಲೆ, ಕಪಾಟು, ಫ್ರಿಜ್ ಎಲ್ಲ ಇರುತ್ತೆ. ಅವರಲ್ಲಿ ಇದು ಹಳೇ ಶೋಕಿ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಅನ್ನೋ ನೌಕಾಪಡೆಯ ಡಾಕ್ಟರು ಬ್ರಿಸ್ಟಲ್ಲಿನ ವ್ಯಾಗನ್ ಕಾರ್ಖಾನೆಯಲ್ಲಿ ಕುದುರೆ ಎಳೆಯೋ ಅಂಥದೊಂದು ಗಾಡಿ ಮಾಡಿಸಿ, 'ವಾಂಡರರ್' ಅಂತ ಹೆಸರಿಟ್ಟು ದೇಶ ಸುತ್ತಿದ. 1907ಕ್ಕೆ ಇಂಥವರದ್ದೇ ಒಂದು ಕ್ಲಬ್ಬು ಹುಟ್ಟಿತು. ಬೇಸಿಗೆಯಲ್ಲಿ ಸುತ್ತೋದು, ಚಳಿಗಾಲ ಬಂದ ತಕ್ಷಣ ಗಾಡಿಯನ್ನ ಐದಾರು ತಿಂಗಳು ನಿಲ್ಲಿಸಿಡೋದು. ಆ ನಿಲ್ಲಿಸಿಡೋದಕ್ಕೆ ಅವನ ಹತ್ತಿರ ಒಂದು ದೊಡ್ಡ ಪಟ್ಟಿಯೇ ಇತ್ತು. ಪೈಪಿನ ನೀರೆಲ್ಲ ಬಸಿಯಬೇಕು. ಹಾಸಿಗೆಗಳನ್ನ ಗೋಡೆಗೆ ತಾಗದ ಹಾಗೆ ಎತ್ತಿ ನಿಲ್ಲಿಸಬೇಕು. ಕಪಾಟಿನ ಬಾಗಿಲು ತೆಗೆದಿಡಬೇಕು, ಫ್ರಿಜ್ಜಿನ ಬಾಗಿಲಿಗೆ ಏನಾದರೂ ಸಿಕ್ಕಿಸಿ ಸಂದು ಬಿಡಬೇಕು. ನೆಲದಲ್ಲೂ ಚಾವಣಿಯಲ್ಲೂ ಮುಚ್ಚೋಕೆ ಬಾರದಂಥ ಗಾಳಿಕಿಂಡಿ ಇರುತ್ತೆ. ಇಎನ್ 721 ಅನ್ನೋ ಯುರೋಪಿನ ಮಾನದಂಡ ಇರೋದೇ ಅದಕ್ಕೆ. ಚಳಿ ಬರುತ್ತೆ ಅಂತ ಆ ಕಿಂಡಿಗೆ ಬಟ್ಟೆ ತುರುಕಬಾರದು. ಮೇಲೆ ಹೊದಿಕೆ ಹಾಕೋದಾದರೆ ಪ್ಲಾಸ್ಟಿಕ್ ತಾಡಪಾಲು ಬೇಡ, ಉಸಿರಾಡೋ ಬಟ್ಟೆಯೇ ಆಗಬೇಕು.

ಕೇಳ್ತಾ ಕೇಳ್ತಾ ನನಗೆ ನಗು ಬಂತು. ಇದು ನಮ್ಮ ಆಯಿಯ ಮೇ ತಿಂಗಳ ಕೆಲಸದ ಪಟ್ಟಿ. ಪೆಟ್ಟಿಗೆ ನೆಲಕ್ಕೆ ತಾಗದ ಹಾಗೆ ಮಣೆ ಕೊಡೋದು. ಹಾಸಿಗೆ ಸುತ್ತಿ ಅಟ್ಟದ ಹಗ್ಗಕ್ಕೆ ನೇತು ಹಾಕೋದು. ಬೀರುವಿನ ಬಾಗಿಲು ಒಂದು ಬೆರಳು ತೆರೆದಿಡೋದು. ಪಾತ್ರೆಯನ್ನ ಮುಚ್ಚಳ ಹಾಕಿ ಇಡಬಾರದು, ಬೋರಲು ಹಾಕಬೇಕು. ಉಪ್ಪಿನ ಮರಿಗೆ, ಬೆಲ್ಲದ ಡಬ್ಬಿ, ಬೀಜದ ಗಂಟು ಎಲ್ಲ ಒಲೆಯ ಮೇಲಿನ ಅಟ್ಟಕ್ಕೆ.

ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಕಿಟಕಿ ಸ್ವಲ್ಪ ತೆರೆದಿಟ್ಟು, ಬೀರು ತೆರೆದಿಟ್ಟು ಬಂದುಬಿಟ್ಟರೆ ಸಾಕಲ್ವಾ ಅಂತ. ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಅಂದ, "ಗಾಳಿ ಬಿಟ್ರೆ ಗಾಳಿ ಬತ್ತು ತಮಾ. ಒಣಗ್ಸದು ಯಾರು?"

ಎಂಜಿನಿಯರಿಂಗ್ ಓದಿದವನು ನಾನು. ಲೆಕ್ಕ ಹಾಕಿ ನೋಡಿದರೆ ಅಪ್ಪ ಹೇಳಿದ್ದೇ ಸರಿ.

ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿ ಹಿಡಿಯುತ್ತೆ. ಇಂಗ್ಲೆಂಡಿನ ಚಳಿಗಾಲದ 5 ಡಿಗ್ರಿ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 7 ಗ್ರಾಂ ನೀರು ಹೊರುತ್ತೆ. ಅಂದರೆ ಹೊರಗೆ ಎಷ್ಟೇ ಮಂಜಿದ್ದರೂ ಆ ಗಾಳಿಯಲ್ಲಿ ನೀರು ಇರೋದು ಕಡಿಮೆ. ಅಲ್ಲಿ ತೊಂದರೆ ಗಾಡಿಯ ಒಳಗಿನ ನೀರಿನದು. ಜನರ ಉಸಿರು, ಒದ್ದೆ ಟವೆಲ್ಲು, ಒಲೆಯ ಆವಿ ಒಳಗೇ ಸಿಕ್ಕಿಕೊಂಡು ತಣ್ಣನೆ ಗೋಡೆಯ ಮೇಲೆ ಹನಿಯಾಗಿ ಇಳಿಯುತ್ತೆ. ಕಿಂಡಿ ಬಿಟ್ಟರೆ ಹೊರಗೆ ಹೋಗುತ್ತೆ, ಮಧ್ಯಾಹ್ನ ಸ್ವಲ್ಪ ಬಿಸಿಲು ಬಿದ್ದರೆ ಇನ್ನೂ ಬೇಗ. ಅಷ್ಟೇ ಸಾಕು.

ಹೆಗ್ಗರಣೆಯ ಜುಲೈ ಬೇರೆ. ಹೊರಗಿನ ಗಾಳಿ ಸುಮಾರು 24 ಡಿಗ್ರಿ, ತೇವಾಂಶ ಶೇಕಡಾ 95ರ ಆಸುಪಾಸು. ಘನ ಮೀಟರಿಗೆ 20 ಗ್ರಾಮಿಗಿಂತ ಹೆಚ್ಚು ನೀರು. ಕಿಟಕಿ ತೆರೆದರೆ ಒಳಗೆ ಬರೋದು ಇದೇ. ಶೇಕಡಾ 80 ದಾಟಿ ಕೆಲವು ದಿನ ನಿಂತರೆ ಸಾಕು, ಬಟ್ಟೆ, ಚರ್ಮ, ಕಾಗದ ಎಲ್ಲದರ ಮೇಲೂ ಬೂಷ್ಟು ಬೇರು ಬಿಡುತ್ತೆ. ಹಾಗಂತ ಪೂರ್ತಿ ಮುಚ್ಚಿದರೂ ಕಥೆ ಸುಖವಿಲ್ಲ. ನೆಲದಿಂದ, ಮಣ್ಣಿನ ಗೋಡೆಯಿಂದ ಏರೋ ತೇವ ಒಳಗೇ ಉಳಿದು ಶೇಕಡಾ 100 ಮುಟ್ಟುತ್ತೆ. ತೆರೆದರೂ ಕಷ್ಟ, ಮುಚ್ಚಿದರೂ ಕಷ್ಟ.

ಆದರೆ ಇದೇ ಗಾಳಿಯನ್ನ 24ರಿಂದ 30 ಡಿಗ್ರಿಗೆ ಬಿಸಿ ಮಾಡಿ ನೋಡಿ. ಅದರಲ್ಲಿರೋ ನೀರು ಅಷ್ಟೇ, ಆದರೆ ಹಿಡಿಯೋ ಶಕ್ತಿ 30 ಗ್ರಾಮಿಗೆ ಏರುತ್ತೆ. 95 ಇದ್ದ ತೇವಾಂಶ 70ಕ್ಕಿಂತ ಕೆಳಗೆ ಬರುತ್ತೆ. ಬೂಷ್ಟಿಗೆ ಅಲ್ಲಿ ಬದುಕಿಲ್ಲ. ಬರೀ ಆರು ಡಿಗ್ರಿ. ಜೊತೆಗೆ ಬಿಸಿ ಗಾಳಿ ಮೇಲೆ ಹೋಗುತ್ತೆ, ಹೋಗ್ತಾ ಕೆಳಗಿನಿಂದ ಬೇರೆ ಗಾಳಿಯನ್ನ ಎಳ್ಕೊಳ್ಳುತ್ತೆ. ಫ್ಯಾನೂ ಬೇಡ, ಹೀಟರೂ ಬೇಡ. ಬೆಂಕಿ ಬೇಕು, ಮತ್ತೆ ಮೇಲೆ ಅದು ಹೊರಗೆ ಹೋಗೋಕೆ ಸಂದು ಬೇಕು. ನಮ್ಮ ಕಡೆಯ ಹಳೇ ಮನೆಗಳಲ್ಲಿ ಈ ಎರಡೂ ಇದ್ದವು. ಆಮೇಲಿನ ನೂರೈವತ್ತು ವರ್ಷದಲ್ಲಿ ಒಂದೊಂದಾಗಿ ಹೋದವು. ಹೋಗಿದ್ದಕ್ಕೆ ಪ್ರತಿ ಸಲವೂ ಒಳ್ಳೇ ಕಾರಣವೇ ಇತ್ತು.

ಉತ್ತರ ಕನ್ನಡ 1862ರಲ್ಲಿ ಬಾಂಬೆ ಪ್ರಾಂತ್ಯಕ್ಕೆ ಸೇರಿತು. 1883ರ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟ ತಿರುವಿ ಹಾಕಿದರೆ ಒಂದೊಂದು ಜಾತಿಯ ಮನೆ, ಊಟ, ಉಡುಪು ಹೇಗಿತ್ತು ಅಂತ ಬರೆದಿದ್ದು ಸಿಗುತ್ತೆ. ಮಣ್ಣಿನ ಗೋಡೆ, ಹುಲ್ಲಿನ ಮಾಡು ಅನ್ನೋದು ಮತ್ತೆ ಮತ್ತೆ ಬರುತ್ತೆ. ನಮ್ಮ ಕಡೆ ಹುಲ್ಲಿನ ಜೊತೆ ಅಡಿಕೆ ಸೋಗೆಯೂ ಇತ್ತು. ಅಡಿಕೆ ಮರದ ದಬ್ಬೆ ಕಟ್ಟಿ ಅದರ ಮೇಲೆ ಸೋಗೆ ಹೊದಿಸೋದು, ಪ್ರತಿ ವರ್ಷ ಮಳೆಗೆ ಮೊದಲು ಹೊಸದು. ಇಂಥ ಮಾಡಿಗೆ ಕಿಟಕಿ ಬೇಕಾಗಿರಲಿಲ್ಲ, ಮಾಡೇ ಒಂದು ದೊಡ್ಡ ಜರಡಿ. ನೀರು ಜಾರಿ ಕೆಳಗೆ ಹೋಗುತ್ತೆ, ಹೊಗೆ ನುಸುಳಿ ಮೇಲೆ ಹೋಗುತ್ತೆ. ಮುಂಜಾನೆ ಗುಡ್ಡದ ಮೇಲಿಂದ ನೋಡಿದರೆ ಇಡೀ ಮನೆಗೇ ಬೆಂಕಿ ಬಿದ್ದ ಹಾಗೆ ಮಾಡಿನ ಎಲ್ಲ ಕಡೆಯಿಂದಲೂ ಹೊಗೆ ಏಳ್ತಿತ್ತಂತೆ.

ಆ ಮನೆಯ ಒಳಗೆ ಬೆಂಕಿ ಒಂದಲ್ಲ, ಮೂರು. ಅಡುಗೆ ಒಳದಲ್ಲಿ ಒಲೆ. ಬಚ್ಚಲಲ್ಲಿ ತಾಮ್ರದ ಹಂಡೆಯ ಕೆಳಗೆ ದೊಡ್ಡ ಕುಂಟೆ ಹಾಕಿದ ಒಲೆ, ಅದು ಆರಿದ್ದು ನಾನು ಚಿಕ್ಕವನಿದ್ದಾಗ ನೋಡಿಲ್ಲ. ಮೂರನೆಯದು ಹೊಡಸಲು. ಬೆಂಕಿ ಕಾಯಿಸೋಕೆ, ಒದ್ದೆ ಕಂಬಳಿ ಒಣಗಿಸೋಕೆ, ಹಲಸಿನ ಬೀಜ ಸುಟ್ಟು ತಿನ್ನೋಕೆ ಅಂತಲೇ ಇರೋ ಬೆಂಕಿಗುಂಡಿ. ಅದರ ಮೇಲೆ ಬಿದಿರಿನ ತಟ್ಟಿ ಕಟ್ಟಿ ಬಟ್ಟೆ ಹರವೋದು. ಮಲೆನಾಡಿನ ಮಳೆಗಾಲದ ಶಾಲೆಯ ಯೂನಿಫಾರಂ ಹೊಗೆ ವಾಸನೆ ಇಲ್ಲದೆ ಇರ್ತಿರಲಿಲ್ಲ. ಶಿರಸಿ ಹಾಸ್ಟೆಲಿಗೆ ಹೋದಾಗಲೇ ನನಗೆ ಗೊತ್ತಾಗಿದ್ದು, ಬೇರೆಯವರ ಬಟ್ಟೆಗೆ ಆ ವಾಸನೆ ಇರಲ್ಲ ಅಂತ.

ಮೂರು ಬೆಂಕಿಗೆ ನಾಲ್ಕು ತಿಂಗಳು ಆಗೋಷ್ಟು ಕಟ್ಟಿಗೆ ಬೇಕಲ್ಲ. ತೋಟದ ಜೊತೆಗೇ ಬಂದ ಸೊಪ್ಪಿನ ಬೆಟ್ಟದಿಂದ ದರಕು, ಸೊಪ್ಪು, ಕಟ್ಟಿಗೆ ತರೋ ಹಕ್ಕು ನಮ್ಮ ಮೂರೂ ತಾಲೂಕಿನ ತೋಟಿಗರಿಗೆ ಇತ್ತು. ಏಪ್ರಿಲ್ ಮೇನಲ್ಲಿ ಕಟ್ಟಿಗೆ ಒಡೆದು ಕೊಟ್ಟಿಗೆಯಲ್ಲಿ ಪೇರಿಸೋದು ಒಂದು ಹಬ್ಬದಂಥ ಕೆಲಸ. ಯಾರ ಮನೆಯ ಕಟ್ಟಿಗೆ ಎಷ್ಟೆತ್ತರ ಅನ್ನೋದರ ಮೇಲೆ ಅವರ ಯೋಗ್ಯತೆ ಅಳೀತಿದ್ದರು ಅಂತ ಅಜ್ಜ ತಮಾಷೆ ಮಾಡ್ತಿದ್ದ.

ಒಲೆಯ ಮೇಲಿನ ಅಟ್ಟ ಅಂದರೆ ಆ ಮನೆಯ ಲಾಕರು. ವಾಸಕ್ಕೆ ಆಗದ ಜಾಗ ಅದು, ಹೊಗೆ, ಕತ್ತಲೆ, ಇಲ್ಲಣ. ಆದರೆ ಹಾಳಾಗಬಾರದ್ದು ಎಲ್ಲ ಇರ್ತಿದ್ದದ್ದು ಅಲ್ಲೇ. ಚಾಲಿ ಅಡಿಕೆ ಬಿಸಿಲಲ್ಲಿ ಒಣಗೋಕೆ ಸುಮಾರು ನಲವತ್ತು ದಿನ. ಒಣಗಿಸಿದ ಅಡಿಕೆಯನ್ನ ಬೆಲೆ ಬರೋವರೆಗೆ ಇಟ್ಟುಕೊಳ್ಳೋಕೆ ಆಗದಿದ್ದರೆ ವ್ಯಾಪಾರಿ ಹೇಳಿದ ರೇಟಿಗೆ ಕೊಡಬೇಕು. ಶಿರಸಿಯಲ್ಲಿ 1923ರಲ್ಲಿ ತೋಟಗಾರ್ಸ್ ಸೊಸೈಟಿ ಹುಟ್ಟೋದಕ್ಕೆ ಮೊದಲಂತೂ ಬೆಳೆಗಾರನ ಚೌಕಾಸಿ ಶಕ್ತಿ ಅಂದರೆ ಅವನ ಅಟ್ಟ ಎಷ್ಟು ಒಣಗಿತ್ತು ಅನ್ನೋದೇ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಈ ಮಾತು ಬರಲ್ಲ. ಬರಬೇಕಿತ್ತು. ತಾಳೆಗರಿ, ಜಾತಕ, ಕರಾರು ಪತ್ರಗಳೂ ಅದೇ ಅಟ್ಟದಲ್ಲಿ. ಕಟ್ಟಿಗೆಯ ಹೊಗೆಯಲ್ಲಿ ಇರೋ ಫಿನಾಲ್‌ನಂಥ ರಾಸಾಯನಿಕಗಳಿಗೆ ಬೂಷ್ಟೂ ಕುಟ್ಟೆ ಹುಳವೂ ಹೆದರುತ್ತೆ. ತೊಲೆಗಳ ಮೇಲೆ ಮಿರಿ ಮಿರಿ ಮಿನುಗೋ ಕಪ್ಪು ಪದರ ಇದೆಯಲ್ಲ, ಅದು ಕೊಳೆಯಲ್ಲ, ನೂರು ವರ್ಷದ ಪೇಂಟು.

ನಮ್ಮಲ್ಲಿ ಕ್ಯಾರವಾನಿಗೆ ಹತ್ತಿರದ ಸಂಬಂಧಿ ಯಾವುದು ಅಂತ ಕೇಳಿದರೆ ಯಕ್ಷಗಾನ ಮೇಳ ಅಂತೀನಿ. ದೀಪಾವಳಿಯ ಆಸುಪಾಸಿಗೆ ಹೊರಟು ಮೇ ತಿಂಗಳವರೆಗೆ ಊರೂರು ತಿರುಗಾಟ, ಮಳೆ ಹಿಡಿದ ಮೇಲೆ ಗಂಟು ಮೂಟೆ ಕಟ್ಟಿ ಐದಾರು ತಿಂಗಳು ವಿಶ್ರಾಂತಿ. ನಮ್ಮ ಜಿಲ್ಲೆಯದೇ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಿಂದ ಹಿಡಿದು ಹಳ್ಳಿಯ ಸಣ್ಣ ಮೇಳದವರೆಗೆ ಎಲ್ಲರಿಗೂ ಇದ್ದ ತಲೆನೋವು ಒಂದೇ. ಹಗುರ ಮರದ ಕಿರೀಟ, ಭುಜಕೀರ್ತಿ, ಅದರ ಮೇಲೆ ಅಂಟಿಸಿದ ಬೇಗಡೆ, ದಪ್ಪ ಬಟ್ಟೆಯ ಬಾಲುಮುಂಡು, ಚರ್ಮದ ಚಂಡೆ ಮದ್ದಳೆ. ಮಳೆಗಾಲದ ತೇವಕ್ಕೆ ಹಾಳಾಗೋ ಸಾಮಾನುಗಳನ್ನೇ ಆರಿಸಿ ಒಂದು ಪೆಟ್ಟಿಗೆಗೆ ತುಂಬಿದ ಹಾಗೆ. ತೇವಕ್ಕೆ ಮದ್ದಳೆಯ ಶ್ರುತಿ ಇಳಿಯುತ್ತೆ, ಬೆಂಕಿಗೆ ಹಿಡಿದು ಏರಿಸಬೇಕು. ಹಾಗಾಗಿ ಮದ್ದಳೆ ಬಾರಿಸೋರ ಮನೆಯಲ್ಲಿ ಮಳೆಗಾಲದಲ್ಲಿ ಅದು ಇರೋ ಜಾಗ ಒಲೆಗೆ ಹತ್ತಿರ. ಹೊದಿಕೆ ಹಾಕೋ ವಿದ್ಯೆಯೂ ಹಾಗೇ. ಅಡಿಕೆಗೆ ಕೊಳೆರೋಗ ಬರದ ಹಾಗೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಬೋರ್ಡೋ ದ್ರಾವಣ ಹೊಡೆಯೋದನ್ನ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕಲಿಸಿಕೊಟ್ಟರು. ಅದಕ್ಕಿಂತ ಹಳೇ ಉಪಾಯ ಕೊಟ್ಟೆ ಕಟ್ಟೋದು. ಹುಲ್ಲಿನಿಂದ ಹೆಣೆದ ಟೋಪಿಯನ್ನ ಕೊನೆಗೆ ಹಾಕೋದು. ಮಳೆ ಜಾರುತ್ತೆ, ಗಾಳಿ ಆಡುತ್ತೆ. ಇಂಗ್ಲೆಂಡಿನವನ ಉಸಿರಾಡೋ ಹೊದಿಕೆಗೂ ಇದಕ್ಕೂ ಏನು ವ್ಯತ್ಯಾಸ?

ಮೊದಲ ಬದಲಾವಣೆ ಬಂದಿದ್ದು ಮಂಗಳೂರಿನಿಂದ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಅಲ್ಲಿ ಯಂತ್ರದಿಂದ ಹಂಚು ಮಾಡೋ ಕಾರ್ಖಾನೆ ಶುರು ಮಾಡಿದರು. ಅದು ಘಟ್ಟ ಹತ್ತಿ ಒಳಗಿನ ಹಳ್ಳಿಗೆ ಬರೋಕೆ ಬಹಳ ಕಾಲ ಹಿಡಿಯಿತು. ನಮ್ಮನೆಗೆ ಮಂಗಳೂರು ಹಂಚು ಬಂದಿದ್ದು ಅಜ್ಜನ ಕಾಲದಲ್ಲಿ. ವರ್ಷ ವರ್ಷ ಸೋಗೆ ಹೊದಿಸೋ ಕಷ್ಟ ಹೋಯ್ತು, ಬೆಂಕಿಯ ಭಯ ಹೋಯ್ತು. ಗಾಳಿಯ ಲೆಕ್ಕದಲ್ಲಿ ಹಂಚು ದ್ರೋಹ ಮಾಡಲಿಲ್ಲ. ಒಂದು ಹಂಚಿನ ಮೇಲೆ ಇನ್ನೊಂದು ಕೂರೋ ಜಾಗದಲ್ಲೆಲ್ಲ ಕೂದಲೆಳೆಯ ಸಂದು ಇರುತ್ತೆ, ಸಾವಿರ ಹಂಚಿಗೆ ಸಾವಿರ ಸಂದು. ಅಲ್ಲಲ್ಲಿ ಬೆಳಕಿಗೆ ಗಾಜಿನ ಹಂಚು, ಗಾಳಿಗೆ ಗೂಡು ಇರೋ ಹಂಚು. ಜೊತೆಗೆ ಮಳೆಗೆ ಮೊದಲು ಮಾಡು ಹತ್ತಿ ಹಂಚು ಕೈಯಾಡಿಸೋ ಪದ್ಧತಿ ಇತ್ತು. ಒಡೆದದ್ದು ತೆಗೆದು, ಕಸ ಗುಡಿಸಿ, ಮತ್ತೆ ಜೋಡಿಸೋದು. ಈಗ ಅದಕ್ಕೆ ಜನ ಸಿಗಲ್ಲ. ಮಂಗಗಳಂತೂ ಮಾಡನ್ನ ಆಟದ ಮೈದಾನ ಮಾಡ್ಕೊಂಡಿವೆ. ಊರಲ್ಲಿ ಹಂಚು ತೆಗೆದು ತಗಡು ಹಾಕಿದವರನ್ನ ಕೇಳಿ, ಹತ್ತರಲ್ಲಿ ಎಂಟು ಜನ ಮಳೆಯನ್ನಲ್ಲ, ಮಂಗನನ್ನ ಬಯ್ತಾರೆ.

ಬೆಂಗಳೂರಿನ ಓದುಗರಿಗೆ ಗಾಳಿಯ ಚರಿತ್ರೆ ಬೇರೆ ದಾರಿಯಲ್ಲಿ ಬಂತು. 1898ರಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಾದ, ಕತ್ತಲೆ ಮನೆಗಳೇ ರೋಗಕ್ಕೆ ಕಾರಣ ಅಂತ ಸರ್ಕಾರ ತೀರ್ಮಾನಿಸಿತು. ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಅಗಲ ರಸ್ತೆ, ಗಾಳಿ ಬೆಳಕಿನ ಮನೆ ಅಂತ ಬೆಳೆದದ್ದು ಆ ಭಯದ ನಂತರ. ಅಲ್ಲಿನ ಹಳೇ ಮನೆಗಳ ಬಾಗಿಲ ಮೇಲೆ ವೆಂಟಿಲೇಟರ್ ಅನ್ನೋ ಸಣ್ಣ ಕಿಟಕಿ ಇರ್ತಿತ್ತು. 2020ರ ನಂತರ ಆ ಪದ ಕೇಳಿದರೆ ಬೇರೆಯದೇ ನೆನಪಾಗುತ್ತೆ, ಇರಲಿ. ಬೆಂಗಳೂರಿನ ಒಣ ಹವೆಗೆ ಆ ಪಾಠ ಸರಿಯಾಗಿತ್ತು. ತೆರೆದರೆ ಸಾಕು, ಒಣಗುತ್ತೆ. ನಮ್ಮ ಕಡೆಯವರು ಪಟ್ಟಣದಲ್ಲಿ ಓದಿ ಬಂದು ಅದೇ ಮಾದರಿಯ ದೊಡ್ಡ ಕಿಟಕಿಯ ಮನೆ ಊರಲ್ಲಿ ಕಟ್ಟಿಸಿದಾಗ, ಜುಲೈನಲ್ಲಿ ಆ ಕಿಟಕಿಗಳಿಂದ ಒಳಗೆ ಬಂದದ್ದು ಮೋಡ.

ಎರಡನೇ ಬದಲಾವಣೆ ಬೆಂಕಿಯದು. ಇಲ್ಲಿ ಹಳೆಯದನ್ನ ಹೊಗಳೋ ಉತ್ಸಾಹ ಸ್ವಲ್ಪ ಕಡಿಮೆ ಮಾಡ್ಕೋಬೇಕು. ಆ ಹೊಗೆ ಅಡಿಕೆಯನ್ನ, ತೊಲೆಯನ್ನ, ತಾಳೆಗರಿಯನ್ನ ಕಾಪಾಡ್ತಿತ್ತು. ಒಲೆಯ ಮುಂದೆ ಕೂತವರನ್ನ ಕಾಪಾಡಲಿಲ್ಲ. ನಮ್ಮ ಅಮ್ಮಮ್ಮನ ಕಣ್ಣು ಯಾವಾಗಲೂ ಕೆಂಪಗೆ ಇರ್ತಿತ್ತು, ಕೊನೆಯ ಹತ್ತು ವರ್ಷ ಕೆಮ್ಮಿಲ್ಲದ ರಾತ್ರಿ ಇರಲಿಲ್ಲ. ಮನೆಯ ಆಯುಷ್ಯಕ್ಕೆ ಶ್ವಾಸಕೋಶ ಕೊಟ್ಟವರು ಹೆಂಗಸರು. ಹಳೇ ಮನೆಯ ಫೋಟೋ ಹಾಕಿ ಎಷ್ಟು ಚಂದ ಅಂತ ಬರೆಯೋ ನಾವು ಇದನ್ನ ಬರೆಯಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಶುರು ಮಾಡಿದ ಅಸ್ತ್ರ ಕೇಂದ್ರ, ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋಕೆ ಅಂತಲೇ ಹುಟ್ಟಿದ್ದು. ಅವರ ಅಸ್ತ್ರ ಒಲೆ ಕಟ್ಟಿಗೆಯನ್ನೂ ಉಳಿಸ್ತು, ಚಿಮಣಿಯಲ್ಲಿ ಹೊಗೆಯನ್ನ ಹೊರಗೂ ಹಾಕ್ತು. ಆಮೇಲೆ ಗೋಬರ್ ಗ್ಯಾಸ್. ದನ ಇರೋ ತೋಟಿಗರ ಮನೆಗಳಲ್ಲಿ ಅದು ಎಷ್ಟು ಚೆನ್ನಾಗಿ ಹಬ್ಬಿತು ಅಂದರೆ, 2001ರಲ್ಲಿ ವಿಜ್ಞಾನಿಗಳು ಶಿರಸಿಯ ಗೋಬರ್ ಗ್ಯಾಸ್ ಯಶಸ್ಸಿನ ಮೇಲೆ ಒಂದು ಪ್ರಬಂಧವನ್ನೇ ಬರೆದರು. ಅದರ ಹಿಂದೆ ಸಿಲಿಂಡರು. ಆಯಿಯ ಕಣ್ಣು ಅಮ್ಮಮ್ಮನ ಕಣ್ಣಿನ ಹಾಗೆ ಆಗಲಿಲ್ಲ. ಇದಕ್ಕಿಂತ ದೊಡ್ಡ ಲಾಭ ಬೇಡ.

ಆದರೆ ಅಟ್ಟಕ್ಕೆ ಹೋಗೋ ಹೊಗೆ ನಿಂತಿತು. ಇದರ ಜೊತೆ ಯಾರೂ ಲೆಕ್ಕ ಹಾಕದ ಇನ್ನೊಂದು ಇದೆ. ಗ್ಯಾಸು ಉರಿದರೆ ನೀರು ಹುಟ್ಟುತ್ತೆ. ಪಿಯುಸಿ ಕೆಮಿಸ್ಟ್ರಿ ನೆನಪಿರೋರು ಸಮೀಕರಣ ಬರೆದು ನೋಡಿ: 14.2 ಕೆಜಿಯ ಒಂದು ಎಲ್‌ಪಿಜಿ ಸಿಲಿಂಡರ್ ಖಾಲಿಯಾಗೋ ಹೊತ್ತಿಗೆ ಸುಮಾರು 22 ಲೀಟರ್ ನೀರು ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರಿರುತ್ತೆ. ಒಂದು ಕೊಡಕ್ಕಿಂತ ಹೆಚ್ಚು. ಕಟ್ಟಿಗೆ ಉರಿದರೂ ನೀರಾವಿ ಬರುತ್ತೆ, ಆದರೆ ಆ ದೊಡ್ಡ ಬೆಂಕಿ ತನ್ನ ಆವಿಯನ್ನ ತಾನೇ ಎಳ್ಕೊಂಡು ಹಂಚಿನ ಸಂದಿಯಿಂದ ಹೊರಗೆ ಹೋಗ್ತಿತ್ತು. ಗ್ಯಾಸಿನ ಸಣ್ಣ ಉರಿಗೆ ಆ ಶಕ್ತಿ ಇಲ್ಲ.

ಹೋಗೋಕೆ ಸಂದೂ ಉಳಿದಿರಲಿಲ್ಲ. ಹೊಗೆ ಇಲ್ಲದ ಮೇಲೆ ಹಂಚಿನ ಮಾಡು ಯಾಕೆ, ಆರ್‌ಸಿಸಿ ಹಾಕೋಣ ಅಂತ ಆಯ್ತು. ಮಲೆನಾಡಿನಲ್ಲಿ ಸ್ಲ್ಯಾಬು ಸೋರೋಕೆ ಶುರುವಾದ ಮೇಲೆ ಅದರ ಮೇಲೆ ತಗಡಿನ ಮಾಡು. ಹಂಚು ಉಳಿಸಿಕೊಂಡವರೂ ಕೆಳಗೆ ಫಾಲ್ಸ್ ಸೀಲಿಂಗ್ ಹೊಡೆಸಿದರು, ನೆಲಕ್ಕೆ ಟೈಲ್ಸ್ ಹಾಕಿಸಿದರು, ಸಗಣಿ ಮಣ್ಣಿನ ಗೋಡೆಗೆ ಎಣ್ಣೆ ಪೇಂಟು ಬಳಿಸಿದರು. ಗೋಡೆ ತೇವ ಕುಡಿದು ಬಿಡೋದನ್ನ ನಿಲ್ಲಿಸಿತು. ಹೀಗೆ ಆದ ಮೇಲೂ ಮನೆ ನಡೀತಿತ್ತು. ಬಚ್ಚಲ ಒಲೆಯೊಂದು ಉಳಿದಿತ್ತಲ್ಲ, ಜೊತೆಗೆ ಜನ ಇದ್ದರು. ಬಾಗಿಲು ತೆಗೆಯೋದು ಹಾಕೋದು, ಬಿಸಿಲು ಇಣುಕಿದ ತಕ್ಷಣ ಹಾಸಿಗೆ ಹೊರಗೆ ಹಾಕೋದು, ಬೂಷ್ಟು ಕಂಡಲ್ಲಿ ಒರೆಸೋದು, ಒರಲೆ ಗೆರೆ ಕಂಡ ತಕ್ಷಣ ಕೆರೆಯೋದು. ಬೀಗ ಬಿದ್ದಾಗ ಕೊನೆಯ ಬೆಂಕಿ ಆರಿತು, ಈ ಕೈಯೂ ಹೋಯ್ತು. ನೆಂಟರ ಮನೆ ಮೂರೇ ಮಳೆಗಾಲದಲ್ಲಿ ಯಾಕೆ ಸೋತಿತು ಅನ್ನೋದಕ್ಕೆ ನನಗೆ ಸಿಕ್ಕ ಉತ್ತರ ಇದು.

ಈಗ ನಮ್ಮನೆ ವಿಷಯ. ಅಪ್ಪನಿಗೆ ಎಪ್ಪತ್ತೆರಡು, ಮೊಣಕಾಲು ನೋವು. ಆಯಿಗೆ ಬಿಪಿ. ಪ್ರತಿ ಮೇ ತಿಂಗಳಲ್ಲೂ ನಾನೂ ತಂಗಿಯೂ ಮಳೆಗಾಲಕ್ಕೆ ಬನ್ನಿ ಅಂತ ಕರೀತೀವಿ. ಪ್ರತಿ ಸಲವೂ ಅಪ್ಪಂದು ಒಂದೇ ಉತ್ತರ, "ಹೊಗೆ ಯಾರು ಹಾಕ್ತ?" ಹಠ ಅಂತ ಅಂದ್ಕೊಂಡಿದ್ದ ತಂಗಿಗೆ ಈ ಲೆಕ್ಕ ಎಲ್ಲ ತೋರಿಸಿದೆ. "ಹಂಗಾರೆ ಆ ಮನೆ ಒಣಗಿರವು ಹೇಳಿ ಅಪ್ಪಯ್ಯ ಆಯಿ ಅಲ್ಲಿ ನೆನೆಯವಾ?" ಅಂತ ಕೇಳಿದಳು ಅವಳು. ಅದಕ್ಕೆ ನನ್ನ ಹತ್ತಿರ ಸಮೀಕರಣ ಇರಲಿಲ್ಲ.

ಯಂತ್ರದ ದಾರಿ ಯೋಚಿಸಿದ್ದೂ ಇದೆ. ತೇವ ಹೀರೋ ಡಿಹ್ಯುಮಿಡಿಫೈಯರ್ ಇದೆ, ಒಳ್ಳೇ ಯಂತ್ರವೇ. ಆದರೆ ಅದು ಕೆಲಸ ಮಾಡಬೇಕಾದ ವಾರವೇ ಮರ ಬಿದ್ದು ಲೈನು ಹೋಗಿರುತ್ತೆ. ಮೇಲಾಗಿ ಸಾವಿರ ಸಂದು ಇರೋ ಹಂಚಿನ ಮನೆಯಲ್ಲಿ ಅದನ್ನ ಇಟ್ಟರೆ ಇಡೀ ಪಶ್ಚಿಮಘಟ್ಟದ ತೇವ ಹೀರೋಕೆ ಹೊರಟ ಹಾಗೆ. ಒಂದು ಕೋಣೆಯನ್ನ ಬಿಗಿಯಾಗಿ ಮುಚ್ಚಿ ಕಾಗದ ಪತ್ರ, ಸೀರೆ ಇಡೋಕಾದರೆ ಸರಿ. ಇಡೀ ಮನೆಗೆ ಅಲ್ಲ. ಸೋಲಾರ್ ಫ್ಯಾನ್ ಹಾಕಿಸಿ ಅಂದವರೂ ಇದ್ದಾರೆ. ಜುಲೈನಲ್ಲಿ ನಮ್ಮೂರಲ್ಲಿ ಸೂರ್ಯ ರಜೆ.

ಕೊನೆಗೆ ಮಾತುಕತೆಯಾಗಿ ಒಂದು ಒಪ್ಪಂದಕ್ಕೆ ಬಂದಿದೀವಿ. ಇದು ಒಂದು ವರ್ಷದ ಪ್ರಯೋಗ, ಅಪ್ಪ ಹಾಗಂತಲೇ ಒಪ್ಪಿರೋದು. ಬೆಲೆಬಾಳೋ ಸಾಮಾನು, ಪುಸ್ತಕ, ಹಾಸಿಗೆ ಎಲ್ಲ ಬಚ್ಚಲಿಗೆ ಹತ್ತಿರದ ಎರಡು ಕೋಣೆಗೆ ಮತ್ತು ಅದರ ಮೇಲಿನ ಅಟ್ಟಕ್ಕೆ. ಅಲ್ಲಿ ಸೀಲಿಂಗಿನ ಎರಡು ಹಲಗೆ ತೆಗೆಸಿ ಬಿಸಿ ಗಾಳಿ ಮೇಲೆ ಹೋಗೋಕೆ ದಾರಿ ಮಾಡಿದೀವಿ, ಮಾಡಿಗೆ ನಾಲ್ಕು ಗೂಡಿನ ಹಂಚು ಹಾಕಿದೀವಿ. ಉಳಿದ ಕೋಣೆಗಳಲ್ಲಿ ಕೊಡುಗೆ ಅನ್ನಿ, ಬಲಿ ಅನ್ನಿ, ಪ್ಲಾಸ್ಟಿಕ್ ಕುರ್ಚಿಯಂಥದ್ದು ಮಾತ್ರ. ಪಕ್ಕದ ಕೇರಿಯ ಒಬ್ಬರು ವಾರಕ್ಕೆ ಮೂರು ಸಲ ಬಂದು, ಬಚ್ಚಲ ಒಲೆಗೆ ಕುಂಟೆ ಹಾಕಿ, ಮೂರು ನಾಲ್ಕು ಗಂಟೆ ಇದ್ದು, ಬೆಂಕಿ ಇಳಿದ ಮೇಲೆ ಬೀಗ ಹಾಕಿ ಹೋಗ್ತಾರೆ. ಅದಕ್ಕೆ ತಿಂಗಳ ಸಂಬಳ. ಅವರು ಕುಳಿತಿರೋವಾಗ ಹೊಗೆ ಕುಡಿಯೋದು ಬೇಡ ಅಂತ ಒಲೆಯ ಬಾಯಿಗೆ ತಗಡಿನ ಬಾಗಿಲು ಮಾಡಿಸಿದೀವಿ. ಕಟ್ಟಿಗೆಯ ಖರ್ಚು ಕೇಳಿ ನನ್ನ ಫ್ಲ್ಯಾಟಿನ ಗೆಳೆಯ ಯಾರೂ ಇಲ್ಲದ ಮನೆಗೆ ನೀರು ಕಾಯಿಸ್ತೀರಾ ಅಂತ ನಕ್ಕ. ಹೌದು, ಹಂಡೆಯಲ್ಲಿ ನೀರು ಇಲ್ಲದೆ ಬೆಂಕಿ ಹಾಕಿದರೆ ತಾಮ್ರ ಹೋಗುತ್ತೆ.

ಅಪ್ಪ ಜೂನ್ ಎಂಟನೇ ತಾರೀಖಿನ ಶಿರಸಿ ಬಸ್ಸಿಗೆ ಟಿಕೆಟ್ ಮಾಡು ಅಂದಿದಾನೆ, ಹೋಗೋದಕ್ಕೂ ಬರೋದಕ್ಕೂ. ವಾಪಸ್ಸಿನ ಟಿಕೆಟ್ ಜುಲೈ ಎರಡನೇ ವಾರಕ್ಕೆ, ಅಟ್ಟ ಹತ್ತಿ ಮೂಸಿ ನೋಡಿ ಬರೋಕೆ ಅಂತೆ.